ಕಾಲಿಗೆ ಕರೆದ ಟೆಂಡರ್

ಸಕ್ಕರೆ ಕಾಯಿಲೆ ಇರುವವರಿಗೆ ಹೇಳಲು ನನ್ನಲ್ಲಿ ದೊಡ್ಡ ಬುದ್ಧಿಮಾತೇನೂ ಇಲ್ಲ. ಅದನ್ನು ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಹಾಗಲಕಾಯಿ ರಸದಿಂದ ಹಿಡಿದು ಬೆಳಗಿನ ಬರಿಗಾಲ ನಡಿಗೆಯವರೆಗೆ ನನಗೂ ಎಲ್ಲವನ್ನೂ ಹೇಳಿದ್ದಾರೆ. ನಾನು ಬರೆಯುತ್ತಿರುವುದು ನನ್ನ ಎಡಗಾಲು ಹೋಗಿಯೇಬಿಡುತ್ತದೆ ಎಂಬಲ್ಲಿಯವರೆಗೆ ಹೋಗಿ ಉಳಿದುಕೊಂಡು ಬಂದ ಕಥೆ. ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ ಯಾರಾದರೂ ಇದನ್ನು ಓದಿದರೆ, ಪಕ್ಕದಲ್ಲಿ ತನ್ನಂಥವನೇ ಇನ್ನೊಬ್ಬ ಕೂತಿದ್ದಾನೆ ಅಂದುಕೊಳ್ಳಲಿ. ಆದರೆ ಪಕ್ಕದಲ್ಲಿ ಕೂತ ನಾನು ಸುಮ್ಮನಿರುವವನಲ್ಲ. ವಾದ ಮಾಡದಿದ್ದರೆ ನನಗೆ ಅನ್ನ ಅರಗುವುದಿಲ್ಲ ಎಂದು ನನ್ನ ಹೆಂಡತಿ ರತ್ನಮ್ಮ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ.

ನನ್ನ ಹೆಸರು ತಿಪ್ಪೇಸ್ವಾಮಿ. ಚಳ್ಳಕೆರೆಯ ಮಾರುಕಟ್ಟೆ ಯಾರ್ಡಿನಲ್ಲಿ ಎಣ್ಣೆ ಮಿಲ್ಲುಗಳಿಗಾಗಿ ಶೇಂಗಾ ಖರೀದಿ ಮಾಡುವ ವ್ಯಾಪಾರಿ. ರೈತರು ತಂದ ಶೇಂಗಾವನ್ನು ಅಂಗಳದಲ್ಲಿ ರಾಶಿ ಹಾಕುತ್ತಾರೆ. ನಾವು ಒಂದೊಂದೇ ರಾಶಿಯ ಹತ್ತಿರ ಹೋಗಿ, ಒಳಗೆ ಕೈ ತೂರಿಸಿ, ಒಂದಿಷ್ಟು ಕಾಯಿ ಒಡೆದು ನೋಡಿ, ನಮ್ಮ ರೇಟು ಹಾಕುತ್ತೇವೆ. ಹಿಂದೆ ಬಾಯಲ್ಲಿ ಸವಾಲು ಕೂಗುತ್ತಿದ್ದೆವು, ಈಗ ಟೆಂಡರ್ ಆಗಿದೆ. ‘ಕೂಗುವುದು’ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಹಾಗೇ ಉಳಿದಿದೆ. ರಾಶಿ ಎಂದರೆ ಲಕ್ಷ್ಮಿ. ಅದರ ಮೇಲೆ ಚಪ್ಪಲಿ ಕಾಲು ಇಡುವಂತಿಲ್ಲ. ಯಾವ ಕೊಂಬಿನ ವ್ಯಾಪಾರಿಯಾದರೂ ಚಪ್ಪಲಿ ಬದಿಗೆ ಬಿಟ್ಟೇ ರಾಶಿ ಹತ್ತಬೇಕು. ಹಾಗೆ ಹತ್ತಿದ ಒಂದು ದಿನ, ಚೀಲ ಹೊಲಿಯುವ ದಬ್ಬಣದ ಮುರಿದ ತುದಿ ನನ್ನ ಅಂಗಾಲಿಗೆ ಹೊಕ್ಕಿತು. ಹೊಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ನನ್ನ ಪಾದದ ಅರಿವನ್ನು ಯಾವಾಗಲೋ ತಿಂದು ಮುಗಿಸಿತ್ತು.

ಮನೆಗೆ ಬಂದು ಊಟಕ್ಕೆ ಕೂತಿದ್ದೆ. ರತ್ನಮ್ಮ ಬಾಗಿಲ ಹತ್ತಿರ ನಿಂತು, “ರೀ, ಇದು ಯಾರ ಕಾಲಿನ ರಕ್ತ?” ಎಂದಳು. ಬಾಗಿಲಿಂದ ಅಡುಗೆಮನೆಯವರೆಗೂ ನೆಲದ ಮೇಲೆ ಗುರುತು ಮೂಡಿತ್ತು. ನಾನು ತುತ್ತು ಹಿಡಿದುಕೊಂಡೇ, “ಯಾರು ಬಂದಿದ್ರು ಮನೆಗೆ?” ಎಂದು ಕೇಳಿದೆ.

“ಯಾರು ಬಂದಿದ್ರು ಅಂತೀರಲ್ಲ! ಮಗಳು ಕಾಲೇಜಿಗೆ ಹೋಗ್ಯಾಳೆ, ನಾನು ಇಲ್ಲೇ ಐದೀನಿ. ಇನ್ನು ಉಳಿದೋರು ಯಾರು? ಕಾಲು ಎತ್ರಿ ಮೇಲಕ್ಕೆ.”

ನಮ್ಮೂರ ಡಾಕ್ಟರು ಮುಳ್ಳು ತೆಗೆದಂತೆ ಅದನ್ನು ತೆಗೆದು, ಇಂಜೆಕ್ಷನ್ ಕೊಟ್ಟು, ಕಾಲು ನೆಲಕ್ಕೆ ಇಡಬೇಡಿ ಎಂದರು. ಇಡದೆ ಇರಲು ಸುಗ್ಗಿಯಲ್ಲಿ ಸಾಧ್ಯವೇ? ಕೆಲವೇ ದಿನಗಳಲ್ಲಿ ಕಿರುಬೆರಳು ಮತ್ತು ಅದರ ಪಕ್ಕದ್ದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು. ಮತ್ತೆ ಹೋದಾಗ ಡಾಕ್ಟರು ಗಾಯವನ್ನು ನೋಡುವುದಕ್ಕಿಂತ ಹೆಚ್ಚಾಗಿ ನನ್ನ ಮುಖ ನೋಡಿದರು. “ಇದು ಇಲ್ಲಿ ಆಗೋದಲ್ಲ ತಿಪ್ಪೇಸ್ವಾಮಿ. ಆಪರೇಷನ್ ಮಾಡೋ ಆಸ್ಪತ್ರೆಗೆ ಇವತ್ತೇ ಹೋಗ್ರಿ. ನಾಳೆ ಅನ್ನಬೇಡ್ರಿ.”

ಇಲ್ಲಿಂದ ನನ್ನ ಘನಕಾರ್ಯ ಶುರು. ಆ ದಿನಗಳಲ್ಲಿ ಟಿವಿಯಲ್ಲಿ ಒಂದೇ ಚರ್ಚೆ. ಸರ್ಕಾರ ಆಸ್ಪತ್ರೆ ಕಟ್ಟಿ ನಡೆಸುವ ತಲೆನೋವು ಬಿಡಲಿ, ಆ ದುಡ್ಡಿನಲ್ಲಿ ದೇಶದ ಮನೆಮನೆಗೂ ವಿಮೆ ಕಾರ್ಡು ಕೊಡಲಿ, ಜನ ತಮಗೆ ಬೇಕಾದ ಆಸ್ಪತ್ರೆ ಆರಿಸಿಕೊಳ್ಳಲಿ, ಆಸ್ಪತ್ರೆಗಳು ಪೈಪೋಟಿಗೆ ಬಿದ್ದು ದರ ಇಳಿಸಲಿ, ಗುಣ ಏರಿಸಲಿ ಎಂದು ಒಂದು ಕಡೆಯವರು. ಇದು ಸುತರಾಂ ಆಗದು ಎಂದು ಇನ್ನೊಂದು ಕಡೆಯವರು. ಯಾರ್ಡಿನ ಎದುರಿನ ಹೋಟೆಲಿನಲ್ಲಿ ಮೊದಲ ಕಡೆಯ ವಕೀಲ ನಾನೇ. “ಒಬ್ಬನೇ ಖರೀದಿದಾರ ಬಂದ ದಿನ ರೈತ ಅಳ್ತಾನೆ. ನಾಲ್ಕು ಜನ ಬಂದ ದಿನ ನಗ್ತಾನೆ. ಆಸ್ಪತ್ರೆಗೂ ಅದೇ ಕಣ್ರಲೇ” ಎಂದು ಟೀ ಲೋಟ ಕುಟ್ಟಿ ಹೇಳುತ್ತಿದ್ದೆ. ವ್ಯಾಪಾರಸ್ಥರೆಲ್ಲ ಸೇರಿ ಈ ವಿಷಯದ ಮೇಲೆ ಒಂದು ಚರ್ಚಾಸಭೆ ನಡೆಸಬೇಕೆಂದು, ಪರವಾಗಿ ಮಾತಾಡುವವನು ನಾನೇ ಎಂದು ತೀರ್ಮಾನವೂ ಆಗಿತ್ತು.

ಅಂಥವನು ಸ್ವಂತ ಕಾಲನ್ನು ಟೆಂಡರ್ ಇಲ್ಲದೆ ಕೊಟ್ಟುಬಿಡುವುದುಂಟೇ? ಫೋನು ಹಿಡಿದು ಕೂತೆ. ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ಅನಂತಪುರ, ಎಲ್ಲಿ ಪರಿಚಯದವರು ಇದ್ದಾರೋ ಅಲ್ಲೆಲ್ಲ ಆಸ್ಪತ್ರೆಗಳಲ್ಲಿ ರೇಟು ವಿಚಾರಿಸಿದೆ. ಕಾಲಿನ ಫೋಟೋ ಕಳಿಸಿದೆ. ನಮ್ಮಲ್ಲಿ ಮಾಲಿನ ಸ್ಯಾಂಪಲ್ ಕಳಿಸುವ ಹಾಗೆ.

ಒಬ್ಬರೂ ನೆಟ್ಟಗೆ ರೇಟು ಹೇಳಲಿಲ್ಲ. ಒಬ್ಬರು ಎಲ್ಲ ಸೇರಿ ಪ್ಯಾಕೇಜು ಎಂದರು. ಎಲ್ಲ ಎಂದರೆ ಏನು ಎಂದು ಕೇಳಿದರೆ ಬನ್ನಿ, ನೋಡೋಣ ಎಂದರು. ಇನ್ನೊಬ್ಬರು ಆಪರೇಷನ್ನಿಗೆ ಬೇರೆ, ರೂಮಿಗೆ ಬೇರೆ, ಔಷಧಿಗೆ ಬೇರೆ ಎಂದರು. ಮತ್ತೊಬ್ಬರು ಈಗಾಗಲೇ ನಮ್ಮ ಹತ್ತಿರ ಇರುವ ಸರ್ಕಾರಿ ಕಾರ್ಡು ನಡೆಯುತ್ತದೆ, ಆದರೆ ಕೆಲವಕ್ಕೆ ನಡೆಯುವುದಿಲ್ಲ ಎಂದರು. ಒಬ್ಬ ಕ್ವಿಂಟಾಲಿನ ಲೆಕ್ಕ ಹೇಳಿ, ಒಬ್ಬ ಚೀಲದ ಲೆಕ್ಕ ಹೇಳಿ, ಇನ್ನೊಬ್ಬ ಹೊಲ ನೋಡಿ ಹೇಳ್ತೀನಿ ಅಂದರೆ ಯಾವ ರೈತ ತಾನೆ ಮಾಲು ಮಾರಿಯಾನು? ಆದರೂ ನಾನು ಛಲ ಬಿಡಲಿಲ್ಲ. ಇನ್ನೊಂದು ಫೋನು ಬರಲಿ, ಇನ್ನೊಂದು ರೇಟು ಬರಲಿ ಎಂದು ದಿನ ದೂಡಿದೆ. ಅಷ್ಟರಲ್ಲಿ ಬೆರಳ ಕಪ್ಪು ಪಾದಕ್ಕೆ ಹರಡತೊಡಗಿತ್ತು. ಚಳಿಜ್ವರ ಬಂದು ಹಲ್ಲು ಕಟಕಟ ಅನ್ನತೊಡಗಿದಾಗ ರತ್ನಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ಇನ್ನೂ ಯಾರ ರೇಟು ಬರಬೇಕು?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. “ಆ ವಾಸನೆ ನಿಮಗೆ ಬರ್ತಾ ಇಲ್ವಾ? ಅಡುಗೆಮನೆಗೆ ಬರ್ತಾ ಐತೆ ಕಣ್ರಿ.”

ಅವಳೇ ಹೋಗಿ ಕಾರು ಗೊತ್ತು ಮಾಡಿದಳು. ಮೊದಲು ಹೋದ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆಯಬೇಕು ಎಂದರು. ಎರಡನೆಯದರಲ್ಲೂ ಅದೇ ಮಾತು. ಅವರು ತಪ್ಪು ಹೇಳಿದರು ಎಂದು ನಾನು ಇವತ್ತೂ ಅನ್ನುವುದಿಲ್ಲ. ಅಷ್ಟು ಕೆಟ್ಟಿತ್ತು ಕಾಲು. ಮೊಣಕಾಲ ಕೆಳಗೆ ಎಂದು ಕೇಳಿದ ಕ್ಷಣ ನನಗೆ ನೆನಪಾಗಿದ್ದು ಯಾವ ದೇವರೂ ಅಲ್ಲ. ಇನ್ನು ರಾಶಿ ಹತ್ತುವುದು ಹೇಗೆ ಎಂಬುದೊಂದೇ. ಜೀವಮಾನವಿಡೀ ನಾನು ಮಾಡಿದ್ದು ಅದೊಂದೇ ಕೆಲಸ. ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಮುಚ್ಚುಮರೆ ಏನೂ ಇಲ್ಲ, ಡ್ರೈವರ್ ಎದುರಿಗೇ ಅತ್ತೆ.

ಬಳ್ಳಾರಿ ಕಡೆ ಸಣ್ಣದೊಂದು ಖಾಸಗಿ ಆಸ್ಪತ್ರೆ ಇದೆ, ಅಲ್ಲಿ ಕಾಲಿನ ಕೆಲಸವನ್ನೇ ಮಾಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ಹೇಳಿದವನು ಆ ಡ್ರೈವರೇ. ಆ ಆಸ್ಪತ್ರೆಗೆ ಬೋರ್ಡೂ ದೊಡ್ಡದಿರಲಿಲ್ಲ. ಕಾಯುವ ಜಾಗದಲ್ಲಿ ಎಲ್ಲರೂ ನನ್ನಂಥ ಕಾಲಿನವರೇ. ನಾನು ಬಂದು ಕೂತಾಗ ಒಬ್ಬರೂ ಮೂಗು ಮುಚ್ಚಲಿಲ್ಲ. ಸಿರುಗುಪ್ಪದ ಕಡೆಯ ಹೆಂಗಸೊಬ್ಬರು ರತ್ನಮ್ಮನ ಕೈಗೆ ಎರಡು ರೊಟ್ಟಿ ಇಟ್ಟು, “ತಿನ್ನವ್ವ ಮೊದ್ಲು. ಇಲ್ಲಿ ಭಾಳ ಹೊತ್ತು ಆಗ್ತೈತಿ” ಎಂದರು. ಬೆಳಗಿನಿಂದ ಅವಳು ನೀರೂ ಕುಡಿದಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ಡಾಕ್ಟರಮ್ಮ ನನ್ನ ಬ್ಯಾಂಡೇಜು ತಾವೇ ಬಿಚ್ಚಿದರು. ಆ ವಾಸನೆಗೆ ನಾನೇ ಮುಖ ತಿರುಗಿಸಿದೆ. ಅವರು ತಿರುಗಿಸಲಿಲ್ಲ. ಎದುರಿಗೆ ಕೂತು, ಪಾದವನ್ನು ಮಡಿಲಲ್ಲಿಟ್ಟುಕೊಂಡಂತೆ ಹಿಡಿದು, ತುಂಬಾ ಹೊತ್ತು ಅಲ್ಲಲ್ಲಿ ಒತ್ತಿ ನೋಡಿದರು. ಆಮೇಲೆ, “ಪಾದಕ್ಕೆ ರಕ್ತ ಇನ್ನೂ ಬರ್ತಿದೆ. ಎರಡು ಬೆರಳು ಹೋಗುತ್ತೆ. ಅಂಗಾಲು ಸೀಳಿ ಕೀವು ತೆಗೀತೀನಿ. ಉಳಿದದ್ದನ್ನ ಉಳಿಸೋಕೆ ನೋಡೋಣ. ಉಳಿಯುತ್ತೆ ಅಂತ ಮಾತು ಕೊಡಲ್ಲ” ಎಂದರು.

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ನಾನು ಮೊದಲು ಕೇಳಿದ್ದು, “ಎಲ್ಲಿಗೆ ಕತ್ತರಿಸಿದ್ರು?” ಎಂದು. ರತ್ನಮ್ಮ ಹೊದಿಕೆ ಸರಿಸಿ ತೋರಿಸಿದಳು. ಬಟ್ಟೆಯ ಮೂಟೆಯಂತಿದ್ದ ಪಾದ ಹಾಸಿಗೆಯ ತುದಿಯಲ್ಲಿ ಕೂತಿತ್ತು. ಅಷ್ಟು ಚೆಂದದ ಮೂಟೆಯನ್ನು ನಾನು ಯಾರ್ಡಿನಲ್ಲೂ ನೋಡಿರಲಿಲ್ಲ.

ಆಪರೇಷನ್ನಿನ ಖರ್ಚೆಲ್ಲ ಸರ್ಕಾರಿ ಕಾರ್ಡಿನಲ್ಲೇ ನಡೆಯಿತು. ನಾನು ಮಲಗಿದಲ್ಲೇ ಗೆದ್ದೆ ಅಂದುಕೊಂಡೆ. ಖಾಸಗಿ ಆಸ್ಪತ್ರೆ, ಕೈಯಲ್ಲಿ ಕಾರ್ಡು, ನಾನೇ ಆರಿಸಿಕೊಂಡ ಡಾಕ್ಟರು. ನಾನು ವಾದಿಸಿದ್ದು ಇದನ್ನೇ ತಾನೆ? ಬಿಡುಗಡೆಯ ದಿನ ಡಾಕ್ಟರಮ್ಮನ ಎದುರು ಅದನ್ನೇ ಹೇಳಿ ಬೀಗಿದೆ. ಅವರು ನಕ್ಕು, “ಕತ್ತರಿಸೋದಕ್ಕೆ ಕಾರ್ಡಲ್ಲಿ ಪ್ಯಾಕೇಜ್ ಇದೆ ತಿಪ್ಪೇಸ್ವಾಮಿಯವರೇ. ಕಾದು ಉಳಿಸೋದಕ್ಕೆ ಇಲ್ಲ. ಈ ಗಾಯಕ್ಕೆ ತಿಂಗಳುಗಟ್ಟಲೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು. ಮೊಣಕಾಲ ಕೆಳಗೆ ತೆಗೆದಿದ್ದರೆ ನನಗೂ ಬೇಗ ಮುಗೀತಿತ್ತು, ಕಾರ್ಡಿಗೂ ಬೇಗ ಮುಗೀತಿತ್ತು” ಎಂದರು. ಆ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನಮ್ಮ ಚಳ್ಳಕೆರೆಯ ಮನೆ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಂತಿರಲಿಲ್ಲ. ಹಾಗಾಗಿ ರತ್ನಮ್ಮನ ತವರು ಕೊಂಡ್ಲಹಳ್ಳಿಗೆ ಹೋದೆವು. ತಿಂಗಳುಗಟ್ಟಲೆ ಮಾವನ ಮನೆಯಲ್ಲಿ ಬಿದ್ದಿರುವ ಅಳಿಯನನ್ನು ಊರು ಬಿಡುತ್ತದೆಯೇ? “ಏನ್ರಿ ಅಳಿಯಂದ್ರೆ, ಇಲ್ಲೇ ಹೊಲ ನೋಡ್ಕಂಬಿಡ್ರಿ ಇನ್ನ” ಎಂದು ಹಾದಿಯಲ್ಲಿ ಹೋಗುವವರೆಲ್ಲ ಕೂಗುತ್ತಿದ್ದರು. ನನ್ನ ಅತ್ತೆ ಮಾತ್ರ ನನ್ನೊಡನೆ ನೇರ ಮಾತಾಡುವವರಲ್ಲ, ಅದು ಹಳೆಯ ಮರ್ಯಾದೆ. ಬಾಗಿಲ ಆಚೆ ನಿಂತು, “ರತ್ನೀ, ಕಾಲು ದಿಂಬಿನ ಮೇಲೆ ಐತೇನು ಕೇಳು” ಎನ್ನುವರು. ಕೇಳುವ ಮೊದಲೇ ನಾನು ಕಾಲೆತ್ತಿ ದಿಂಬಿನ ಮೇಲೆ ಇಡುತ್ತಿದ್ದೆ.

ಡ್ರೆಸ್ಸಿಂಗಿಗೆ ಮೊಳಕಾಲ್ಮೂರಿನ ಸರ್ಕಾರಿ ಆಸ್ಪತ್ರೆಗೆ ಆಟೋದಲ್ಲಿ ಹೋಗುತ್ತಿದ್ದೆವು. ಅಲ್ಲಿಯ ಸಿಸ್ಟರ್ ನಮ್ಮನ್ನೆಲ್ಲ ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದರು. “ಕೊಂಡ್ಲಹಳ್ಳಿ ಕಾಲು ಬಂತಾ? ಒಳಗೆ ಬರ್ರಿ.” ಗಾಜಿನ ಪಾತ್ರೆ ತೊಳೆಯುವಷ್ಟು ನಯವಾಗಿ ತೊಳೆದು, ಹೊಸ ಮಾಂಸ ಎಲ್ಲಿಯವರೆಗೆ ಬಂದಿದೆ ಎಂದು ರತ್ನಮ್ಮನಿಗೆ ತೋರಿಸಿ, “ಇದು ಕೆಂಪಗಿದ್ರೆ ನಗ್ರಿ, ಕಪ್ಪಾದ್ರೆ ಓಡಿಬರ್ರಿ” ಎನ್ನುವರು. ದಿನಾ ಸಂಜೆ ರತ್ನಮ್ಮ ನನ್ನ ಪಾದ ಹಿಡಿದು ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಮುಖವನ್ನೂ ಅವಳು ಅಷ್ಟು ಹೊತ್ತು ನೋಡಿದ್ದಿಲ್ಲ ಎಂದು ಗೇಲಿ ಮಾಡಿದರೆ, “ಮುಖ ಕೆಟ್ರೆ ನಡೀತೈತೆ” ಎಂದಳು.

ಆ ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕವನು ವೆಂಕಟೇಶಪ್ಪ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವನಿಗೂ ಸಕ್ಕರೆ, ಅವನಿಗೂ ಹಿಮ್ಮಡಿಯಲ್ಲಿ ಹುಣ್ಣು. ಕಾಲು ಆಡಿಸದಿದ್ದರೆ ಅವನ ಮಗ್ಗ ನಡೆಯುವುದಿಲ್ಲ. ನಾನು ನನ್ನ ಕಾರ್ಡಿನ ಪುರಾಣ ಶುರು ಮಾಡಿದ್ದೇ ತಡ, ಅವನು ತಿರುಗಿ ಕೂತ.

“ಚೂಡಪ್ಪಾ, ನೋಡು ತಿಪ್ಪಣ್ಣ. ನನ್ನ ಸೀರೆ ಕೊಳ್ಳೋರು ನಾಲ್ಕು ಅಂಗಡಿ ತಿರುಗ್ತಾರೆ. ಸೆರಗು ಉಜ್ಜಿ ನೋಡ್ತಾರೆ, ಬೆಳಕಿಗೆ ಹಿಡಿದು ನೋಡ್ತಾರೆ. ಡಾಕ್ಟರನ್ನ ಹೆಂಗೆ ಉಜ್ಜಿ ನೋಡ್ತೀಯಾ ನೀನು?”

“ಹೆಸರು ಇರಲ್ವೇನಪ್ಪ? ಒಳ್ಳೇ ಡಾಕ್ಟರ ಹತ್ರ ಜನ ಹೋಗ್ತಾರೆ, ಕೆಟ್ಟೋನ ಅಂಗಡಿ ಮುಚ್ತೈತೆ.”

“ಮುಚ್ಚೋ ಹೊತ್ತಿಗೆ ಎಷ್ಟು ಕಾಲು ಹೋಗಿರ್ತಾವೋ!”

“ಹಂಗಂತ ಸರ್ಕಾರಿ ಆಸ್ಪತ್ರೆ ಒಂದೇ ಇರಬೇಕಾ? ಡಾಕ್ಟರು ಇಲ್ದೇ ಇರೋ ಊರಲ್ಲಿ ಯಾರನ್ನ ಕೇಳ್ತೀಯಾ ನೀನು? ಬೇರೆ ಅಂಗಡಿ ಇದ್ರೆ ತಾನೇ ಸರ್ಕಾರಿಯವರಿಗೂ ಭಯ.”

ಇದಕ್ಕೆ ಅವನು ತಲೆಯಾಡಿಸಿದ. ಬೇರೊಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಿಗಾಗಿ ಕಾದು ಕಾದು ಬರಿಗೈಯಲ್ಲಿ ಬಂದವನು ಅವನು. ಒಳ್ಳೆಯ ವಾದಿ ಎಂದರೆ ಹೀಗಿರಬೇಕು, ಎದುರಿನವನ ಮಾತಿನಲ್ಲಿ ಕಾಳಿದ್ದರೆ ಹೌದು ಅನ್ನುವ ಗಂಡಸುತನ ಇರಬೇಕು. ಟಿವಿಯಲ್ಲಿ ಕೂತು ಅರಚುವವರ ಪೈಕಿ ಒಬ್ಬನಲ್ಲೂ ನಾನು ಅದನ್ನು ಕಾಣಲಿಲ್ಲ. ಆದರೆ ಅವನು ಅಷ್ಟಕ್ಕೆ ಬಿಡಲಿಲ್ಲ.

“ರೇಟು ಸರಿ ಬರಲಿಲ್ಲ ಅಂದ್ರೆ ನಿಮ್ಮ ಯಾರ್ಡಲ್ಲಿ ರೈತ ಏನು ಮಾಡ್ತಾನೆ?”

“ಕೊಡಲ್ಲ ಅಂತಾನೆ. ಅದು ಅವನ ಹಕ್ಕು. ಮಾಲು ಮನೆಗೆ ಒಯ್ತಾನೆ, ಇಲ್ಲ ಗೋದಾಮಲ್ಲಿ ಇಡ್ತಾನೆ.”

“ನೀನು ಆವತ್ತು ಕಾಲನ್ನ ಯಾವ ಗೋದಾಮಲ್ಲಿ ಇಟ್ಟಿದ್ದೆ ತಿಪ್ಪಣ್ಣ?”

ನನಗೆ ರೇಗಿತು. ಆ ದಿನ, ಎಂದಿನಂತೆ ಅವನನ್ನು ಅವನ ಬೀದಿಯವರೆಗೆ ನಮ್ಮ ಆಟೋದಲ್ಲಿ ಕರೆದೊಯ್ಯದೆ ಹೊರಟುಬಿಟ್ಟೆ. ಮುಂದಿನ ಬಾರಿ ಹೋದಾಗ ನನ್ನ ಮೂರನೆಯ ಬೆರಳ ಬುಡ ಕಪ್ಪಗೆ ಕಂಡಿತು. ಸಿಸ್ಟರ್ ಒಳಗೆ ಹೋಗಿ ಡಾಕ್ಟರನ್ನು ಕರೆತಂದರು. ಅವರು ಬಳ್ಳಾರಿ ಕಡೆಯ ಡಾಕ್ಟರಮ್ಮನಿಗೆ ಫೋನು ಮಾಡಿದರು. ಹೊರಗೆ ಬೆಂಚಿನ ಮೇಲೆ ಕಾಯಿರಿ ಎಂದರು. ಮತ್ತೆ ಮೊಣಕಾಲ ಕೆಳಗಿನ ಮಾತು ಬರುತ್ತದೆ ಎಂದು ಬಾಗಿಲನ್ನೇ ನೋಡುತ್ತ ಕೂತೆ. ವೆಂಕಟೇಶಪ್ಪನ ಡ್ರೆಸ್ಸಿಂಗ್ ಆಗಲೇ ಮುಗಿದಿತ್ತು. ಮಗ್ಗದ ಮೇಲೆ ಮದುವೆ ಸೀರೆ ಇತ್ತು, ಅವನು ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕೂತು, ಸರ್ಕಾರವನ್ನೂ ಎತ್ತಲಿಲ್ಲ, ಮಾರುಕಟ್ಟೆಯನ್ನೂ ಎತ್ತಲಿಲ್ಲ. ಸೀರೆಯ ಅಂಚಿಗೆ ಯಾವ ಬಣ್ಣ ಹಾಕಿದರೆ ಚೆಂದ ಎಂದು ರತ್ನಮ್ಮನನ್ನು ಕೇಳುತ್ತ ಕೂತ. ನಾನು ಅವನ ತೋಳು ಹಿಡಿದುಕೊಂಡಿದ್ದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಕಪ್ಪು ಒಳಗೆ ಇಳಿದಿರಲಿಲ್ಲ. ಸಿಸ್ಟರ್ ಅದನ್ನು ಕೆರೆದು ತೆಗೆದರು, ಕೆಳಗೆ ಕೆಂಪು ಕಂಡಿತು. “ನಗ್ರಿ ಈಗ” ಎಂದರು. ಮೂವರೂ ನಕ್ಕೆವು. ಅಲ್ಲಿಂದ ಮುಂದೆ ಗಾಯ ಮೆಲ್ಲಮೆಲ್ಲಗೆ ಕೂಡುತ್ತ ಬಂತು. ತಿಂಗಳುಗಟ್ಟಲೆ ಆ ಕೋಣೆಯಲ್ಲಿ ನನ್ನ ಕಾಲು ತೊಳೆದ ಕೈಗೆ ಯಾವ ಪ್ಯಾಕೇಜೂ ಇರಲಿಲ್ಲ. ಆ ಕೈ ಇಲ್ಲದಿದ್ದರೆ ಬಳ್ಳಾರಿಯಲ್ಲಿ ಆದ ಆಪರೇಷನ್ ಮಣ್ಣುಪಾಲಾಗುತ್ತಿತ್ತು. ಇದನ್ನು ನಾನು ಒಪ್ಪಿಕೊಳ್ಳುತ್ತೇನೆ ಎನ್ನುವುದಕ್ಕಿಂತ, ಹೇಳಿಕೊಂಡು ತಿರುಗುತ್ತೇನೆ ಎನ್ನುವುದು ಸರಿ.

ಕಾಲು ಗುಣವಾಗಿ ಮೆತ್ತನೆಯ ಅಟ್ಟೆಯ ಚಪ್ಪಲಿ ಹಾಕಿಕೊಂಡು ಚಳ್ಳಕೆರೆಗೆ ಮರಳಿದೆ. ನನಗಾಗಿ ಮುಂದೆ ಹಾಕಿದ್ದ ಚರ್ಚಾಸಭೆ ಕಾದಿತ್ತು. ನಾನೇ ಫೋನು ಮಾಡಿ ವೆಂಕಟೇಶಪ್ಪನನ್ನು ಕರೆಸಿ ಮುಂದಿನ ಸಾಲಿನಲ್ಲಿ ರತ್ನಮ್ಮನ ಪಕ್ಕ ಕೂರಿಸಿದೆ. ವ್ಯಾಪಾರಿಗಳು, ಮೇಷ್ಟ್ರುಗಳು, ಕಾಲೇಜು ಹುಡುಗಿಯರು ಎಲ್ಲ ಸೇರಿದ್ದರು.

ನಾನು ಕಡೆ ಬದಲಿಸಲಿಲ್ಲ. ಮಾರುಕಟ್ಟೆಯ ಪರವಾಗಿಯೇ ಮಾತಾಡಿದೆ. ಯಾರ್ಡು ಬರುವ ಮೊದಲು ನಮ್ಮ ಹಿರಿಯರು ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಿದ್ದರು, ರೈತನಿಗೆ ಪಕ್ಕದ ರಾಶಿಯ ರೇಟೂ ತಿಳಿಯುತ್ತಿರಲಿಲ್ಲ, ಇವತ್ತಿಗೂ ಆಸ್ಪತ್ರೆ ಬಿಲ್ಲು ಟವೆಲಿನ ಕೆಳಗೇ ಇದೆ ಎಂದೆ. ಬರೀ ಪೈಪೋಟಿ ಬಿಟ್ಟರೆ ಸಂತೆ ಆಗುತ್ತದೆ, ಮಾರುಕಟ್ಟೆ ಆಗಬೇಕಾದರೆ ತಕ್ಕಡಿ ಬೇಕು, ರೇಟಿನ ಬೋರ್ಡು ಬೇಕು, ಕೇಳುವವರು ಬೇಕು ಎಂದೆ. ಕೊನೆಗೆ ನಾನು ಹಾಸಿಗೆಯಲ್ಲಿ ಮಲಗಿ ಕಟ್ಟಿದ್ದ ಸ್ವಂತ ಯೋಜನೆ ಬಿಚ್ಚಿದೆ: “ಕತ್ತರಿಸಿದ್ದಕ್ಕೆ ದುಡ್ಡು ಕೊಡಬೇಡ್ರಿ. ಉಳಿಸಿದ್ದಕ್ಕೆ ಕೊಡ್ರಿ. ಕಾಲು ಉಳಿದು, ಆ ಮನುಷ್ಯ ನಡಕಂಡು ಬಂದ್ರೆ ಆಸ್ಪತ್ರೆಗೆ ದುಡ್ಡು. ಆಗ ನೋಡ್ರಿ ಪೈಪೋಟಿ ಹೆಂಗಿರ್ತೈತೆ ಅಂತ!”

ಚಪ್ಪಾಳೆ ಬಿತ್ತು. ಮೇಷ್ಟ್ರುಗಳೂ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೆ ಕಾದು ವೆಂಕಟೇಶಪ್ಪ ಕೋಲೂರಿ ಎದ್ದ.

“ಭಾಳ ಚೆನ್ನಾಗಿ ಹೇಳ್ದೆ ತಿಪ್ಪಣ್ಣ. ಒಂದೇ ಮಾತು ಕೇಳ್ತೀನಿ. ಉಳಿಸಿದ ಕಾಲಿಗೆ ಮಾತ್ರ ದುಡ್ಡು ಅಂದ್ರೆ, ಉಳಿಯೋ ಕಾಲನ್ನೇ ಆರಿಸ್ಕಂತಾರೆ ಕದಾ, ಅಲ್ವಾ? ಬೂಷ್ಟು ಹಿಡಿದ ರಾಶಿಗೆ ಯಾರು ಕೂಗ್ತಾರೆ?”

“ಯಾರೂ ಕೂಗಲ್ಲ.”

“ನೀನು?”

“ನಾನೂ ಕೂಗಲ್ಲ.”

“ಆವತ್ತು ಆ ಡಾಕ್ಟರಮ್ಮನ ಮುಂದೆ ಇಟ್ಟೆಯಲ್ಲ, ನಿನ್ನ ಕಾಲು, ಅದು ಎಂಥಾ ರಾಶಿ?”

ಸಭೆ ಗೊಳ್ಳೆಂದು ನಕ್ಕಿತು. ರತ್ನಮ್ಮ ನಗಲಿಲ್ಲ. ಅವಳು ನನ್ನ ಪಾದವನ್ನೇ ನೋಡುತ್ತಿದ್ದಳು. ನಗು ನಿಂತ ಮೇಲೆ ನಾನು ಮೈಕು ಹತ್ತಿರ ಎಳೆದುಕೊಂಡೆ.

“ಬೂಷ್ಟು ಹಿಡಿದದ್ದೇ,” ಎಂದೆ. “ನಾನೇ ಆಗಿದ್ರೆ ಒಂದು ಸಲ ನೋಡಿ ಮುಂದಿನ ರಾಶಿಗೆ ಹೋಗಿಬಿಡ್ತಿದ್ದೆ. ಆಯಮ್ಮ ಹೋಗಲಿಲ್ಲ.”